ಬೇರೆಯಾಗಿ ನಿಂತ ಔಟ್‌ಹೌಸ್‌ಗೆ ಮನೆಯ ಇಂಟರ್ನೆಟ್ ಒಯ್ಯುವ ಬಗೆ

ಮನೆಯಿಂದ ಬೇರೆಯಾಗಿ ನಿಂತಿರುವ ಔಟ್‌ಹೌಸ್‌ನಲ್ಲಿ ಕುಳಿತು ಮೊಬೈಲ್ ನೋಡಿದರೆ ವೈಫೈಯ ಒಂದೆರಡು ಗೆರೆಗಳು ಕಾಣುತ್ತವೆ. ಆದರೆ ಪುಟ ತೆರೆಯುವುದಿಲ್ಲ, ವಿಡಿಯೊ ಕರೆಯಲ್ಲಿ ಮಾತು ತುಂಡು ತುಂಡಾಗಿ ಕೇಳಿಸುತ್ತದೆ. ಗೆರೆ ಇದ್ದೂ ಸಂಪರ್ಕ ಇಲ್ಲದಿರುವುದಕ್ಕೆ ಕಾರಣ ಸರಳವಾಗಿದೆ. ಆ ಗೆರೆಗಳು ರೌಟರ್‌ನ ದನಿ ಮೊಬೈಲಿಗೆ ಎಷ್ಟು ಕೇಳಿಸುತ್ತಿದೆ ಎಂಬುದನ್ನಷ್ಟೇ ಹೇಳುತ್ತವೆ. ಮೊಬೈಲ್ ತಿರುಗಿ ಹೇಳಿದ್ದು ರೌಟರಿಗೆ ಕೇಳಿಸುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಬ್ಯಾಟರಿಯಲ್ಲಿ ನಡೆಯುವ ಮೊಬೈಲಿನ ದನಿ ಸಾಮಾನ್ಯವಾಗಿ ರೌಟರ್‌ನದಕ್ಕಿಂತ ಸಣ್ಣದು. ಹಾಗಾಗಿ ಉದ್ದನೆಯ ಆಂಟೆನಾಗಳಿರುವ ದುಬಾರಿ ರೌಟರನ್ನು ತಂದು ಹಳೆಯದರ ಜಾಗದಲ್ಲಿ ಇಟ್ಟರೂ ಬಹುತೇಕ ನಿರಾಶೆಯೇ ಆಗುತ್ತದೆ.

ಆಗಬೇಕಾದದ್ದು ಎರಡು ಕೆಲಸ. ಎರಡು ಕಟ್ಟಡಗಳ ನಡುವೆ ಒಂದು ಗಟ್ಟಿಯಾದ ಕೊಂಡಿ ಬೇಕು. ಆ ಕೊಂಡಿಯ ತುದಿಯಲ್ಲಿ, ಔಟ್‌ಹೌಸ್‌ನ ಒಳಗೇ, ಅಲ್ಲಿನದೇ ಆದ ವೈಫೈ ಬೇಕು. ಎರಡನೆಯದು ಅರ್ಧ ಗಂಟೆಯ ಕೆಲಸ. ಯೋಚನೆ, ಶ್ರಮ, ಹಣ ಎಲ್ಲವೂ ಹೋಗುವುದು ಮೊದಲನೆಯದಕ್ಕೆ. ನೆಲ ಅಗೆಯಲು ಸಾಧ್ಯವಿರುವ ಕಡೆ ಒಂದು ಪೈಪ್ ಹೂತು ಅದರೊಳಗೆ ಫೈಬರ್ (ಬೆಳಕಿನ ಮೂಲಕ ಡೇಟಾ ಒಯ್ಯುವ ಗಾಜಿನ ಎಳೆಯ ಕೇಬಲ್) ಎಳೆಯುವುದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಗೆಯಲು ಆಗದಿದ್ದರೆ ಎರಡು ಗೋಡೆಗಳ ಮೇಲೆ ಎದುರುಬದುರಾಗಿ ಕೂರಿಸುವ ವೈರ್‌ಲೆಸ್ ಬ್ರಿಡ್ಜ್ ಒಳ್ಳೆಯದು. ಮಿಕ್ಕ ಉಪಾಯಗಳು ಇವೆರಡೂ ಕೈಗೂಡದಿದ್ದಾಗಿನ ಮಾತು.

ಮೊದಲು ಅಳತೆ ಮತ್ತು ಪರಿಶೀಲನೆ

ಏನನ್ನಾದರೂ ಕೊಳ್ಳುವ ಮೊದಲು ಲ್ಯಾಪ್‌ಟಾಪನ್ನು ಮನೆಯ ರೌಟರಿಗೆ ಕೇಬಲ್‌ನಿಂದ ನೇರವಾಗಿ ಜೋಡಿಸಿ ವೇಗವನ್ನು ಪರೀಕ್ಷಿಸಿ, ಬಂದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮೂಲದಲ್ಲೇ ನೀರಿಲ್ಲದಿದ್ದರೆ ಕಾಲುವೆ ತೋಡಿ ಪ್ರಯೋಜನವಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ಔಟ್‌ಹೌಸ್‌ನಲ್ಲಿ ಸಿಗುವ ವೇಗವನ್ನು ಹೋಲಿಸಿ ನೋಡಲು ಇದೇ ಅಂಕಿ ಬೇಕಾಗುತ್ತದೆ.

ಅನಂತರ ಟೇಪು ಹಿಡಿದು ದೂರವನ್ನು ಅಳೆಯಬೇಕು. ಕಣ್ಣಂದಾಜಿಗೆ ಇಪ್ಪತ್ತೈದು ಮೀಟರ್ ಎನಿಸಿದ್ದು ಕೇಬಲ್ ಸಾಗುವ ಹಾದಿಯಲ್ಲಿ ಅಳೆದಾಗ ನಲವತ್ತನ್ನು ದಾಟುವುದುಂಟು; ಏಕೆಂದರೆ ರೌಟರ್ ಇರುವ ಜಾಗದಿಂದ ಗೋಡೆಯವರೆಗೆ, ಗೋಡೆಯಿಂದ ನೆಲಕ್ಕೆ, ನೆಲದೊಳಗಿನ ಹಾದಿಯಲ್ಲಿ ಮೂಲೆ ಸುತ್ತಿ, ಆ ತುದಿಯಲ್ಲಿ ಮತ್ತೆ ಮೇಲಕ್ಕೆ ಎಂದು ಉದ್ದ ಬೆಳೆಯುತ್ತಲೇ ಹೋಗುತ್ತದೆ. ಪ್ರತಿ ತುದಿಗೂ ಮೂರು ಮೀಟರ್ ಹೆಚ್ಚಿಗೆ ಸೇರಿಸಿಕೊಳ್ಳಿ. ತಾಮ್ರದ ಈಥರ್ನೆಟ್ ಕೇಬಲ್‌ಗೆ ಎರಡೂ ತುದಿಯ ಚಿಕ್ಕ ಪ್ಯಾಚ್ ಕೇಬಲ್‌ಗಳನ್ನು ಸೇರಿಸಿ ಒಟ್ಟು 100 ಮೀಟರ್ ಮಿತಿ ಇದೆ. ಫೈಬರ್‌ಗೆ ಮನೆಯಂಗಳದ ಮಟ್ಟಿಗೆ ಮಿತಿಯೇ ಇಲ್ಲವೆನ್ನಬಹುದು.

ಹಾದಿಯಲ್ಲಿ ನಡೆಯುತ್ತಲೇ ಇನ್ನು ಕೆಲವನ್ನು ಗಮನಿಸಿ. ನೆಲದಡಿ ಈಗಾಗಲೇ ವಿದ್ಯುತ್ ಕೇಬಲ್, ನೀರಿನ ಪೈಪ್, ಒಳಚರಂಡಿ ಎಲ್ಲಿ ಹಾದುಹೋಗಿವೆ? ಹಿಂದೆ ಯಾರಾದರೂ ಹೂತ ಖಾಲಿ ಪೈಪ್ ಇದೆಯೇ? ಔಟ್‌ಹೌಸ್‌ನ ವಿದ್ಯುತ್ ಸಂಪರ್ಕ ಮನೆಯ ಮೀಟರಿನಿಂದಲೇ ಬಂದಿದೆಯೇ, ಅದಕ್ಕೆ ಬೇರೆ ಮೀಟರ್ ಇದೆಯೇ? ಗೋಡೆ, ಚಾವಣಿ ಯಾವುದರಿಂದ ಆಗಿವೆ? ಲೋಹದ ಶೀಟು ಹೊದಿಸಿದ ಶೆಡ್ ಆಗಿದ್ದರೆ ಹೊರಗಿನಿಂದ ಬರುವ ವೈಫೈ ಒಳಗೆ ಇಳಿಯುವುದೇ ಇಲ್ಲ. ಒಂದು ಕಟ್ಟಡದ ಸೂರಿನಡಿಯಿಂದ ಇನ್ನೊಂದರ ಸೂರು ನೇರವಾಗಿ ಕಾಣುತ್ತದೆಯೇ, ನಡುವೆ ಮರವಿದೆಯೇ ಎಂಬುದನ್ನೂ ಬರೆದುಕೊಳ್ಳಿ.

ಬೇಗ ಆಗುವ ಉಪಾಯಗಳು ಎಷ್ಟು ನಂಬಬಹುದು

ರಿಪೀಟರ್ ಎಂಬ ಚಿಕ್ಕ ಪೆಟ್ಟಿಗೆಯನ್ನು ಮನೆಯ ಕೊನೆಯ ಕಿಟಕಿಯ ಬಳಿ ಸಿಕ್ಕಿಸಿದರೆ ಔಟ್‌ಹೌಸ್‌ವರೆಗೆ ವೈಫೈ ಮುಟ್ಟಬಹುದು. ಆದರೆ ಒಂದೇ ರೇಡಿಯೊ ಇರುವ ರಿಪೀಟರ್ ಕೇಳಿದ್ದನ್ನೆಲ್ಲ ಮತ್ತೆ ಅದೇ ಚಾನೆಲ್‌ನಲ್ಲಿ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಲವು ವೈಫೈ ಪೆಟ್ಟಿಗೆಗಳು ಒಂದಕ್ಕೊಂದು ಜೋಡಿಕೊಂಡು ಒಂದೇ ಜಾಲವಾಗುವ ಮೆಶ್ ವ್ಯವಸ್ಥೆಯಲ್ಲಿ ಈ ಕೊಂಡಿಗೆಂದೇ ಪ್ರತ್ಯೇಕ ರೇಡಿಯೊ ಇದ್ದರೆ ಪರಿಸ್ಥಿತಿ ಉತ್ತಮ. ಆದರೂ ಎರಡು ಹೊರಗೋಡೆಗಳನ್ನು ದಾಟುವ ಕಷ್ಟ ಹಾಗೆಯೇ ಉಳಿಯುತ್ತದೆ. ರಿಪೀಟರನ್ನು ಸಿಗ್ನಲ್ ಸತ್ತ ಜಾಗದಲ್ಲಿ ಇಡುವುದು ಎಲ್ಲರೂ ಮಾಡುವ ತಪ್ಪು. ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಅದು ಇರಬೇಕು.

ವಿದ್ಯುತ್ ತಂತಿಯ ಮೂಲಕವೇ ಡೇಟಾ ಕಳಿಸುವ ಪವರ್‌ಲೈನ್ ಅಡಾಪ್ಟರ್‌ಗಳು ಎರಡೂ ಕಟ್ಟಡಗಳು ಒಂದೇ ಮೀಟರಿನ ಹಿಂದೆ, ಒಂದೇ ಫೇಸಿನಲ್ಲಿ ಇದ್ದಾಗ ಕೆಲಸ ಮಾಡುವ ಸಂಭವ ಹೆಚ್ಚು. ಅವನ್ನು ಗೋಡೆಯ ಸಾಕೆಟ್‌ಗೇ ನೇರವಾಗಿ ಹಾಕಬೇಕು. ಎಕ್ಸ್‌ಟೆನ್ಶನ್ ಬೋರ್ಡಿಗೆ, ಅದರಲ್ಲೂ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಏಕಾಏಕಿ ಏರಿದರೆ ತಡೆಯುವ ಸಾಧನ) ಇರುವ ಬೋರ್ಡಿಗೆ ಹಾಕಿದರೆ ಸಿಗ್ನಲ್ ಅಲ್ಲೇ ಸೋಸಿಹೋಗುತ್ತದೆ. ಮೋಟಾರು ಚಾಲೂ ಆದಾಗ ವೇಗ ಕುಸಿಯುವುದೂ ಉಂಟು. ಪೊಟ್ಟಣದ ಮೇಲೆ ಮುದ್ರಿಸಿರುವ ವೇಗವನ್ನು ಎಣಿಕೆಗೆ ತೆಗೆದುಕೊಳ್ಳದೆ, ಸಾಧ್ಯವಾದರೆ ಯಾರಿಂದಲಾದರೂ ಎರವಲು ತಂದು ನೋಡಿ ಆಮೇಲೆ ಕೊಳ್ಳುವುದು ಒಳಿತು.

ತಾಮ್ರವೋ, ಫೈಬರೋ

ಒಂದೇ ಕಟ್ಟಡದ ಒಳಗಾದರೆ ಕ್ಯಾಟ್6 ದರ್ಜೆಯ ತಾಮ್ರದ ಈಥರ್ನೆಟ್ ಕೇಬಲ್ ಎಲ್ಲ ರೀತಿಯಲ್ಲೂ ಸರಿ. ಎರಡು ಕಟ್ಟಡಗಳ ನಡುವೆ ಮಾತು ಬೇರೆ, ಅದಕ್ಕೆ ಕಾರಣ ಸಿಡಿಲು. ಹತ್ತಿರದಲ್ಲಿ ಎಲ್ಲಾದರೂ ಸಿಡಿಲು ಬಡಿದಾಗ ಅದರ ವಿದ್ಯುತ್ತು ನೆಲದಲ್ಲಿ ಹರಡುತ್ತದೆ. ಆ ಕ್ಷಣದಲ್ಲಿ ಮನೆಯ ಅರ್ಥಿಂಗ್ ಇರುವ ನೆಲಕ್ಕೂ ಔಟ್‌ಹೌಸ್‌ನ ಅರ್ಥಿಂಗ್ ಇರುವ ನೆಲಕ್ಕೂ ನಡುವೆ ಸಾವಿರಾರು ವೋಲ್ಟ್‌ಗಳ ವ್ಯತ್ಯಾಸ ಉಂಟಾಗಬಹುದು. ನೆಟ್‌ವರ್ಕ್ ಉಪಕರಣಗಳ ಪೋರ್ಟಿನೊಳಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದು, ಅದು 1500 ವೋಲ್ಟ್‌ವರೆಗಿನ ವ್ಯತ್ಯಾಸವನ್ನು ಸ್ವಲ್ಪ ಹೊತ್ತು ತಡೆಯುವಂತೆ ಮಾಡಿರುತ್ತಾರೆ. ಸಿಡಿಲಿನ ಮುಂದೆ ಅದು ನಿಲ್ಲುವುದಿಲ್ಲ. ತಾಮ್ರದ ಕೇಬಲ್ ಆಗ ಎರಡು ನೆಲಗಳ ನಡುವಿನ ಸೇತುವೆಯಾಗುತ್ತದೆ.

ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಮೊದಲ ಬಾರಿ ತಾಮ್ರದ ಕೇಬಲನ್ನೇ ಪೈಪಿನೊಳಗೆ ಹಾಕಿ ಹೂತಿದ್ದೆ, ಎರಡು ವರ್ಷ ಸೊಗಸಾಗಿ ನಡೆಯಿತು. ಒಂದು ಸಂಜೆ ಗುಡುಗು ಮಳೆಯಲ್ಲಿ ಸಿಡಿಲು ಸಮೀಪದಲ್ಲೇ ಬಿತ್ತು. ಮನೆಯಲ್ಲಿ ದೀಪಗಳು ಒಮ್ಮೆ ಮಿನುಗಿ ಹಾಗೆಯೇ ಉರಿದವು. ಆದರೆ ಆ ಕೇಬಲ್ಲಿನ ಎರಡೂ ತುದಿಯ ನೆಟ್‌ವರ್ಕ್ ಸ್ವಿಚ್‌ಗಳು (ಹಲವು ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆಗಳು) ಸತ್ತಿದ್ದವು, ರೌಟರ್‌ನ ಒಂದು ಪೋರ್ಟ್ ಶಾಶ್ವತವಾಗಿ ಕತ್ತಲಾಯಿತು. ಸ್ವಿಚ್ಚಿನ ಮುಚ್ಚಳ ತೆಗೆದಾಗ ಪೋರ್ಟಿನ ಹಿಂದಿನ ಕಪ್ಪು ಬಿಲ್ಲೆಯೊಂದು ಸೀಳಿಕೊಂಡು, ಸುತ್ತಲೂ ಮಸಿ ಹಿಡಿದಿತ್ತು. ಮರುವಾರವೇ ಅದೇ ಪೈಪಿನಲ್ಲಿ ಫೈಬರ್ ಎಳೆದೆ.

ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು. ವಿದ್ಯುತ್ತಿಗೆ ಅಲ್ಲಿ ದಾರಿಯಿಲ್ಲ. ಇಲ್ಲೊಂದು ಎಚ್ಚರಿಕೆ ಅಗತ್ಯ: ಮನೆಗಳಿಗೆ ಎಳೆಯುವ ಚಪ್ಪಟೆಯಾದ ಡ್ರಾಪ್ ಕೇಬಲ್‌ಗಳಲ್ಲಿ ಹಲವಕ್ಕೆ ಬಲಕ್ಕೆಂದು ಒಳಗೆ ಉಕ್ಕಿನ ತಂತಿ ಕೊಟ್ಟಿರುತ್ತಾರೆ. ಅಂಥದ್ದನ್ನು ಹಾಕಿದರೆ ಸಿಡಿಲಿಗೆ ಮತ್ತೆ ಲೋಹದ ದಾರಿ ಮಾಡಿಕೊಟ್ಟಂತೆಯೇ ಆಯಿತು. ಲೋಹವೇ ಇಲ್ಲದ, ಎಫ್‌ಆರ್‌ಪಿ (ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್) ಕಡ್ಡಿ ಇರುವ ಕೇಬಲ್ ಬೇಕೆಂದು ಕೇಳಿ ಪಡೆಯಿರಿ.

ಹಾಗಿದ್ದೂ ತಾಮ್ರವನ್ನೇ ಹಾಕಬೇಕಾದ ಸಂದರ್ಭ ಬರಬಹುದು. ಔಟ್‌ಹೌಸ್‌ನಲ್ಲಿ ವಿದ್ಯುತ್ತೇ ಇಲ್ಲದಿದ್ದಾಗ ಕೇಬಲ್ಲಿನಲ್ಲೇ ಕರೆಂಟು ಕಳಿಸುವ ಪಿಒಇ ಅನಿವಾರ್ಯ, ಫೈಬರಿನ ಗಾಜಿಗೆ ಅದು ಸಾಧ್ಯವಿಲ್ಲ. ಆಗ ಎರಡೂ ತುದಿಗಳಲ್ಲಿ ಈಥರ್ನೆಟ್ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ತಂತಿಯನ್ನು ಆಯಾ ಕಟ್ಟಡದ ಅರ್ಥಿಂಗ್‌ಗೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಜೋಡಿಸಿಕೊಳ್ಳಬೇಕು. ಅರ್ಥಿಂಗ್ ಇಲ್ಲದ ಸರ್ಜ್ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ. ಕೇಬಲ್ ಹೊರಾಂಗಣಕ್ಕೆಂದು ಮಾಡಿದ, ಪಾಲಿಥಿಲೀನ್ ಹೊದಿಕೆಯದಾಗಿರಲಿ. ಒಳಾಂಗಣದ ಪಿವಿಸಿ ಹೊದಿಕೆ ಬಿಸಿಲಿಗೆ ಸಿಕ್ಕರೆ ಕೆಲವು ವರ್ಷಗಳಲ್ಲಿ ಒಣಗಿ ಬಿರುಕು ಬಿಡುತ್ತದೆ. ಅಗ್ಗಕ್ಕೆ ಸಿಗುವ ಕೇಬಲ್‌ಗಳಲ್ಲಿ ಅಲ್ಯೂಮಿನಿಯಮ್ ತಂತಿಗೆ ತಾಮ್ರದ ತೆಳು ಲೇಪ ಕೊಟ್ಟವು ಬಹಳ ಇವೆ. ಒಂದು ಎಳೆಯನ್ನು ತೆಗೆದು ಬ್ಲೇಡಿನಿಂದ ಮೆಲ್ಲಗೆ ಕೆರೆದು ನೋಡಿ: ಮೇಲಿನ ಕೆಂಬಣ್ಣ ಹೋಗಿ ಒಳಗೆ ಬೆಳ್ಳಿಯ ಹೊಳಪು ಕಂಡರೆ ಅದು ಅಲ್ಯೂಮಿನಿಯಮ್, ಕೆರೆದಷ್ಟೂ ಕೆಂಪೇ ಉಳಿದರೆ ಶುದ್ಧ ತಾಮ್ರ. ಪಿಒಇ ಕಳಿಸುವ ಉದ್ದದ ಕೇಬಲ್ ಅಲ್ಯೂಮಿನಿಯಮ್‌ನದಾಗಿದ್ದರೆ ವೋಲ್ಟೇಜ್ ಕುಸಿಯುತ್ತದೆ, ಕೇಬಲ್ ಬಿಸಿಯಾಗುತ್ತದೆ. ಅಂಥದ್ದನ್ನು ದಯವಿಟ್ಟು ಬಳಸಬೇಡಿ.

ನೆಲದೊಳಗಿನ ಪೈಪ್

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಕಾಳಜಿ ಬಯಸುವುದು ಈ ಪೈಪಿನ ವಿಷಯದಲ್ಲಿ. ಕೇಬಲನ್ನು ನೇರವಾಗಿ ಮಣ್ಣಿನಲ್ಲಿ ಹೂಳಲು ಬರುವಂಥವು ಇವೆ, ನಿಜ. ಆದರೆ ಇಲಿ ಕಡಿದಾಗ, ಗುದ್ದಲಿ ತಗಲಿದಾಗ, ಹತ್ತು ವರ್ಷಗಳ ನಂತರ ಇನ್ನೊಂದು ಎಳೆ ಬೇಕೆನಿಸಿದಾಗ ಪೈಪ್ ಇದ್ದವರಿಗೆ ಒಂದು ಗಂಟೆಯ ಕೆಲಸ, ಇಲ್ಲದವರಿಗೆ ಮತ್ತೊಮ್ಮೆ ಅಂಗಳ ಅಗೆಯುವ ಕೆಲಸ. 25 ಅಥವಾ 32 ಮಿಲಿಮೀಟರ್ ವ್ಯಾಸದ ಪೈಪನ್ನು ಆರಿಸಿಕೊಳ್ಳಿ. ಎರಡರಲ್ಲಿ ದೊಡ್ಡದೇ ಲೇಸು.

ಕಾಲುವೆಯ ಆಳ ಕನಿಷ್ಠ 45 ಸೆಂಟಿಮೀಟರ್ ಇರಲಿ, ವಾಹನ ಓಡಾಡುವ ಕಡೆ ಇನ್ನೂ ಆಳವಾಗಿರಲಿ. ವಿದ್ಯುತ್ ಕೇಬಲನ್ನು ಇದೇ ಪೈಪಿನೊಳಗೆ ಹಾಕಲೇಬಾರದು. ತಾಮ್ರದ ಡೇಟಾ ಕೇಬಲ್ ಆಗಿದ್ದರೆ ವಿದ್ಯುತ್ ಕೇಬಲ್ಲಿನ ಪಕ್ಕದಲ್ಲಿ ಸಾಗುವಾಗ ಸುಮಾರು 30 ಸೆಂಟಿಮೀಟರ್ ಅಂತರ ಬಿಟ್ಟು, ದಾಟಲೇಬೇಕಾದ ಕಡೆ ಅಡ್ಡಡ್ಡಲಾಗಿ ದಾಟಿಸಿ. ಕಾಲುವೆಯ ತಳದಲ್ಲಿ ಚೂಪು ಕಲ್ಲುಗಳನ್ನು ಆರಿಸಿ ತೆಗೆದು ಒಂದು ಪದರ ಮರಳು ಹಾಸಿ ಪೈಪ್ ಇಡಿ. ನೀರಿನ ಕೆಲಸಕ್ಕೆ ಬಳಸುವ ಚಿಕ್ಕ ಎಲ್ಬೋಗಳನ್ನು ಹಾಕಿದರೆ ಕೇಬಲ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ಸುತ್ತಿನ ಬೆಂಡ್‌ಗಳನ್ನೇ ಬಳಸಿ, ಎರಡು ತುದಿಗಳ ನಡುವೆ 90 ಡಿಗ್ರಿಯ ತಿರುವುಗಳು ಎರಡನ್ನು ಮೀರದಂತೆ ನೋಡಿಕೊಳ್ಳಿ. ಮೀರುವುದಾದರೆ ನಡುವೆ ಒಂದು ಚೇಂಬರ್ ಕಟ್ಟಿ.

ಪೈಪಿನೊಳಗೆ ನೀರು ಬರುತ್ತದೆ. ಎಷ್ಟೇ ಅಂಟಿಸಿದರೂ ತೇವ ಹನಿಗಟ್ಟಿ ನಿಲ್ಲುತ್ತದೆ ಎಂದೇ ತಿಳಿದು, ಒಂದು ಕಡೆಗೆ ಸ್ವಲ್ಪ ಇಳಿಜಾರು ಕೊಡಿ ಮತ್ತು ಒಳಗೆ ಹಾಕುವ ಕೇಬಲ್ ಹೊರಾಂಗಣದ್ದೇ ಆಗಿರಲಿ. ಗೋಡೆಗೆ ತೂತು ಕೊರೆಯುವಾಗ ಡ್ರಿಲ್ಲನ್ನು ಹೊರಗಿನಿಂದ ಒಳಕ್ಕೆ ತುಸು ಮೇಲ್ಮುಖವಾಗಿ ಹಿಡಿದರೆ ಮಳೆನೀರು ಒಳಗೆ ಹರಿಯುವುದಿಲ್ಲ. ಮಣ್ಣು ಅರ್ಧ ತುಂಬಿದ ಮೇಲೆ, ಪೈಪಿನಿಂದ ಒಂದು ಗೇಣು ಮೇಲೆ, ಗಾಢ ಬಣ್ಣದ ಎಚ್ಚರಿಕೆಯ ಪಟ್ಟಿಯನ್ನು ಹಾಸಿ. ಮುಂದೆ ಅಗೆಯುವವರ ಕಣ್ಣಿಗೆ ಮೊದಲು ಅದು ಬೀಳಲಿ.

ಎಳೆಯುವುದು, ಜೋಡಿಸುವುದು

ಪೈಪಿನೊಳಗೆ ದಾರ ತೂರಿಸುವುದು ಹೇಗೆಂದು ಹಲವರು ಚಿಂತಿಸುತ್ತಾರೆ. ಪ್ಲಾಸ್ಟಿಕ್ ಚೀಲದ ಒಂದು ತುಂಡನ್ನು ಪೈಪಿನ ಬಾಯಿಗೆ ಸಡಿಲವಾಗಿ ಹೊಂದುವಷ್ಟು ಉಂಡೆ ಮಾಡಿ ತೆಳುವಾದ ನೈಲಾನ್ ದಾರಕ್ಕೆ ಕಟ್ಟಿ ಒಂದು ತುದಿಯಲ್ಲಿ ಬಿಡಿ. ಇನ್ನೊಂದು ತುದಿಗೆ ವ್ಯಾಕ್ಯೂಮ್ ಕ್ಲೀನರ್‌ನ ಕೊಳವೆಯನ್ನು ಬಟ್ಟೆ ಸುತ್ತಿ ಹಿಡಿದು ಚಾಲೂ ಮಾಡಿ. ದಾರದ ಉಂಡೆ ಕೈಯಲ್ಲಿ ಸರಸರನೆ ಬಿಚ್ಚಿಕೊಳ್ಳುತ್ತ ಹೋಗಿ, ಕೊಳವೆಯ ಬಾಯಲ್ಲಿ ‘ಟಪ್’ ಎಂದು ಚೀಲ ಬಂದು ಬಡಿಯುತ್ತದೆ. ಮೊದಲೇ ಪೈಪಿನಲ್ಲಿ ನೀರಿದ್ದರೆ ಹೊರಗೆ ಹಾಕಿ ಆಮೇಲೆ ಇದನ್ನು ಮಾಡಿ. ತೆಳು ದಾರದಿಂದ ಗಟ್ಟಿ ಹಗ್ಗವನ್ನೂ, ಹಗ್ಗದಿಂದ ಕೇಬಲನ್ನೂ ಎಳೆಯಿರಿ. ಕೇಬಲ್ ಜೊತೆಗೆ ಇನ್ನೊಂದು ದಾರವನ್ನೂ ಎಳೆದು ಒಳಗೇ ಬಿಟ್ಟರೆ ಮುಂದಿನ ಸಲಕ್ಕೆ ಆಗುತ್ತದೆ.

ಫೈಬರಿಗೆ ಕನೆಕ್ಟರ್ ಕೂರಿಸಲು ಬೆಲೆಬಾಳುವ ಉಪಕರಣ ಬೇಕು. ಆದ್ದರಿಂದ ಬೇಕಾದ ಉದ್ದಕ್ಕೆ ಎರಡೂ ತುದಿಯಲ್ಲಿ ಕನೆಕ್ಟರ್ ಕೂರಿಸಿಯೇ ಬರುವ ‘ಸಿಂಗಲ್ ಮೋಡ್’ ಬಗೆಯ ಫೈಬರ್ ಕೇಬಲ್ ಕೊಳ್ಳುವುದು ಸುಲಭ. ಎಳೆಯುವಾಗ ಕನೆಕ್ಟರನ್ನು ಹಿಡಿದು ಎಳೆಯಬಾರದು. ಹೊದಿಕೆಯೊಳಗಿನ ಹಳದಿ ನೂಲಿನ ಗೊಂಚಲಿಗೆ ಹಗ್ಗ ಕಟ್ಟಿ, ಕನೆಕ್ಟರಿಗೆ ಪ್ಲಾಸ್ಟಿಕ್ ಸುತ್ತಿ ಕಾಪಾಡಿ. ಒಬ್ಬರು ಎಳೆಯುವಾಗ ಇನ್ನೊಬ್ಬರು ಆ ತುದಿಯಲ್ಲಿ ಕೇಬಲನ್ನು ನೇರವಾಗಿ ತುಂಬಿಕೊಡಬೇಕು. ಬಾಗಿನ ತ್ರಿಜ್ಯವು ಎಳೆಯುವಾಗ ಕೇಬಲ್ಲಿನ ದಪ್ಪದ ಇಪ್ಪತ್ತರಷ್ಟಕ್ಕಿಂತ, ಕೂರಿಸಿದ ಮೇಲೆ ಹತ್ತರಷ್ಟಕ್ಕಿಂತ ಚಿಕ್ಕದಾಗುವಂತೆ ಬಗ್ಗಿಸಬೇಡಿ.

ಎರಡು ತುದಿಗಳಲ್ಲೂ ಬೆಳಕನ್ನು ಈಥರ್ನೆಟ್ ಆಗಿ ಬದಲಿಸುವ ಮೀಡಿಯಾ ಕನ್ವರ್ಟರ್‌ಗಳು ಬೇಕು. ಒಂದೇ ಎಳೆಯಲ್ಲಿ ನಡೆಯುವ ಕನ್ವರ್ಟರ್‌ಗಳು ಜೋಡಿಯಾಗಿ ಬರುತ್ತವೆ: ಒಂದು 1310 ನ್ಯಾನೊಮೀಟರ್ ಬೆಳಕನ್ನು ಕಳಿಸಿ 1550 ಅನ್ನು ಸ್ವೀಕರಿಸಿದರೆ ಇನ್ನೊಂದು ಅದರ ವಿರುದ್ಧ. ಜೋಡಿಯನ್ನು ‘ಎ’, ‘ಬಿ’ ಎಂದು ಗುರುತಿಸಿರುತ್ತಾರೆ. ಎರಡೂ ‘ಎ’ ಬಂದುಬಿಟ್ಟರೆ ದೀಪ ಹತ್ತುವುದೇ ಇಲ್ಲ. ‘ಎ’ ಒಂದು, ‘ಬಿ’ ಒಂದು ಇದೆಯೇ ಎಂದು ಕೊಳ್ಳುವಾಗಲೇ ನೋಡಿ. 20 ಕಿಲೋಮೀಟರ್ ದರ್ಜೆಯದು ಸಾಕು. 80 ಕಿಲೋಮೀಟರ್ ದರ್ಜೆಯದನ್ನು ಇಷ್ಟು ಹತ್ತಿರಕ್ಕೆ ಹಾಕಿದರೆ ಬೆಳಕು ಅತಿಯಾಗಿ, ಅದನ್ನು ಸ್ವೀಕರಿಸುವ ಭಾಗವೇ ಕೆಡಬಹುದು. ಹಸಿರು ಕನೆಕ್ಟರಿನ ತುದಿ ಓರೆಯಾಗಿರುತ್ತದೆ, ನೀಲಿಯದು ಹಾಗಿರುವುದಿಲ್ಲ. ಹಸಿರನ್ನು ನೀಲಿಗೆ ಸಿಕ್ಕಿಸಬೇಡಿ. ಸಿಕ್ಕಿಸುವ ಮುನ್ನ ತುದಿಯನ್ನು ಅದಕ್ಕೆಂದೇ ಇರುವ ಒಣ ಬಟ್ಟೆಯಿಂದ ಒರೆಸಿ, ಬೆರಳು ತಾಗಿಸಬೇಡಿ. ಚಾಲೂ ಇರುವ ಎಳೆಯ ತುದಿಯನ್ನು ಕಣ್ಣಿನ ಮುಂದೆ ಹಿಡಿದು ನೋಡಲೇಬಾರದು. ಆ ಬೆಳಕು ಕಾಣಿಸುವುದಿಲ್ಲ, ಆದರೆ ಕಣ್ಣಿಗೆ ಅಪಾಯ ತರಬಹುದು.

ತಾಮ್ರ ಹಾಕಿದವರು ಎರಡೂ ತುದಿಯಲ್ಲಿ ಒಂದೇ ಬಣ್ಣದ ಕ್ರಮವನ್ನು ಅನುಸರಿಸಬೇಕು. ಟಿ568ಬಿ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಗಳ ಹೆಣಿಗೆಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ.

ಅಗೆಯಲು ಆಗದಿದ್ದರೆ

ನಡುವೆ ಕಾಂಕ್ರೀಟ್ ಹಾಸಿದ್ದರೆ, ಇನ್ನೊಬ್ಬರ ಜಾಗ ಅಡ್ಡ ಇದ್ದರೆ, ಬಾಡಿಗೆ ಮನೆಯಾಗಿದ್ದರೆ ವೈರ್‌ಲೆಸ್ ಬ್ರಿಡ್ಜ್ ಸೂಕ್ತ. ಇದು ರಿಪೀಟರ್ ಅಲ್ಲ. ಎರಡು ದಿಕ್ಕುಬದ್ಧ ಆಂಟೆನಾಗಳು ಒಂದಕ್ಕೊಂದು ಮುಖ ಮಾಡಿ ಟಾರ್ಚಿನ ಬೆಳಕಿನಂತೆ ಸಿಗ್ನಲನ್ನು ಒಟ್ಟುಗೂಡಿಸಿ ಕಳಿಸುತ್ತವೆ. 5 ಗಿಗಾಹರ್ಟ್ಸ್‌ನ ಜೋಡಿ ಸಾಮಾನ್ಯ ಮನೆಗಳಿಗೆ ಸಾಕು. 60 ಗಿಗಾಹರ್ಟ್ಸ್‌ನವು ಇನ್ನೂ ವೇಗ, ಆದರೆ ಎಲೆಯೊಂದು ಅಡ್ಡ ಬಂದರೂ ಸಹಿಸುವುದಿಲ್ಲ, ಜೋರು ಮಳೆಗೆ ದುರ್ಬಲವಾಗುತ್ತವೆ.

ಎರಡು ಆಂಟೆನಾಗಳ ನಡುವೆ ಒಂದು ತೂತಿನಷ್ಟು ಜಾಗ ಕಂಡರೆ ಸಾಲದು. ರೇಡಿಯೊ ಅಲೆ ನಡುದಾರಿಯಲ್ಲಿ ಕಡುಬಿನಂತೆ ಉಬ್ಬಿ ಸಾಗುತ್ತದೆ. ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. 100 ಮೀಟರ್ ಅಂತರದಲ್ಲಿ, 5.8 ಗಿಗಾಹರ್ಟ್ಸ್‌ಗೆ, ಈ ಉಬ್ಬಿನ ತ್ರಿಜ್ಯ ಮಧ್ಯದಲ್ಲಿ ಸುಮಾರು 1.1 ಮೀಟರ್, ಅದರಲ್ಲಿ ಶೇ. 60ರಷ್ಟಾದರೂ ಖಾಲಿ ಇರಬೇಕು. ಅಂದರೆ ನೇರಗೆರೆಯ ಸುತ್ತ ಮುಕ್ಕಾಲು ಮೀಟರ್ ಒಳಗೆ ಕೊಂಬೆ, ಸೂರಿನ ಅಂಚು ಬಾರದಿರಲಿ. ಬೇಸಿಗೆಯಲ್ಲಿ ಎಲೆ ಉದುರಿದಾಗ ಕೂರಿಸಿದ ಬ್ರಿಡ್ಜ್ ಚಿಗುರಿದ ಮೇಲೆ ಕೈಕೊಡುತ್ತದೆ, ತೊಯ್ದ ಎಲೆಯಂತೂ ಸಿಗ್ನಲನ್ನು ಹೀರಿಬಿಡುತ್ತದೆ. ಆಂಟೆನಾವನ್ನು ಒಬ್ಬರು ನಿಧಾನವಾಗಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಸಿಗ್ನಲಿನ ಅಂಕಿಯನ್ನು ಓದಿ ಹೇಳಲಿ. ಮೈನಸ್ 50ರಿಂದ ಮೈನಸ್ 60 ಡಿಬಿಎಂ (ಸಿಗ್ನಲಿನ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ನಡುವೆ ನಿಂತರೆ ಒಳ್ಳೆಯ ಕೊಂಡಿ. ತಾಮ್ರದ ಕೇಬಲ್ ಇಲ್ಲಿಯೂ ಗೋಡೆಯ ಮೇಲಿಂದ ಇಳಿಯುವುದರಿಂದ ಸರ್ಜ್ ಪ್ರೊಟೆಕ್ಟರ್ ಮರೆಯಬೇಡಿ.

ಔಟ್‌ಹೌಸ್‌ನೊಳಗಿನ ವೈಫೈ

ಕೊಂಡಿ ಒಳಗೆ ಬಂದ ಮೇಲೆ ಕೇಬಲ್ಲಿನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈಯಾಗಿ ಹರಡುವ ಆಕ್ಸೆಸ್ ಪಾಯಿಂಟ್ ಒಂದನ್ನು ಅಲ್ಲಿ ಇಡಿ. ಹಳೆಯ ರೌಟರ್ ಇದ್ದರೆ ಅದೂ ಆಗುತ್ತದೆ: ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಅದರ ಡಿಎಚ್‌ಸಿಪಿಯನ್ನು (ಜೋಡಿಕೊಂಡ ಉಪಕರಣಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಮನೆಯ ರೌಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಎಂಬಂಥ, ಮನೆಯ ರೌಟರ್ ತಾನಾಗಿ ಹಂಚದ ವಿಳಾಸ ಕೊಟ್ಟು, ಕೇಬಲನ್ನು ಇಂಟರ್ನೆಟ್ ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡದೆ ಬಿಟ್ಟರೆ ಎರಡು ರೌಟರ್‌ಗಳೂ ವಿಳಾಸ ಹಂಚಲು ನಿಂತು ಮನೆಯ ಇಂಟರ್ನೆಟ್ಟೂ ಆಗೊಮ್ಮೆ ಈಗೊಮ್ಮೆ ಕೈಕೊಡುತ್ತದೆ, ಮತ್ತು ಕಾರಣ ಹುಡುಕುವುದು ಬಹಳ ಕಷ್ಟವಾಗುತ್ತದೆ. ವೈಫೈಯ ಹೆಸರು, ಪಾಸ್‌ವರ್ಡ್ ಎರಡನ್ನೂ ಮನೆಯದರಂತೆಯೇ ಇಟ್ಟರೆ ಮೊಬೈಲ್ ತಾನೇ ಬದಲಿಸಿಕೊಳ್ಳುತ್ತದೆ. ಚಾನೆಲ್ ಮಾತ್ರ ಬೇರೆ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಮನೆಯದು 1 ಆದರೆ ಇಲ್ಲಿಗೆ 6 ಅಥವಾ 11 ಕೊಡಿ.

ಈಗ ಲ್ಯಾಪ್‌ಟಾಪನ್ನು ಔಟ್‌ಹೌಸ್‌ನ ಕೇಬಲ್ಲಿಗೆ ಜೋಡಿಸಿ, ಮೊದಲು ಬರೆದಿಟ್ಟ ಅಂಕಿಯೊಡನೆ ಹೋಲಿಸಿ. ಕಂಪ್ಯೂಟರಿನ ನೆಟ್‌ವರ್ಕ್ ವಿವರದಲ್ಲಿ ಕೊಂಡಿಯ ವೇಗ 1000ದ ಬದಲು 100 ಎಂದು ತೋರಿದರೆ, ತಾಮ್ರದ ಕೇಬಲ್ಲಿನಲ್ಲಿ ಯಾವುದೋ ಒಂದು ಎಳೆ ಸರಿಯಾಗಿ ಕೂತಿಲ್ಲ ಎಂದು ಬಹುಮಟ್ಟಿಗೆ ತಿಳಿಯಬಹುದು: 1000ಕ್ಕೆ ನಾಲ್ಕೂ ಜೋಡಿಗಳು ಬೇಕು, 100ಕ್ಕೆ ಎರಡೇ ಸಾಕು. ಕನೆಕ್ಟರನ್ನು ಕತ್ತರಿಸಿ ಹೊಸದಾಗಿ ಕೂರಿಸಿ. ಎರಡು ಕಂಪ್ಯೂಟರ್‌ಗಳಿದ್ದರೆ ಐಪರ್ಫ್3 ಎಂಬ ಉಚಿತ ತಂತ್ರಾಂಶದಿಂದ ಕೊಂಡಿಯನ್ನಷ್ಟೇ ಅಳೆಯಬಹುದು; ಆಗ ತಪ್ಪು ಕೊಂಡಿಯಲ್ಲಿದೆಯೋ ಹೊರಗಿನ ಇಂಟರ್ನೆಟ್‌ನಲ್ಲಿದೆಯೋ ಎಂಬುದು ಖಚಿತವಾಗುತ್ತದೆ. ಕರೆಂಟು ಹೋಗುವ ಕಡೆ ಮನೆಯ ರೌಟರಿಗೆ ಮಾತ್ರ ಯುಪಿಎಸ್ ಕೊಟ್ಟು ಕನ್ವರ್ಟರನ್ನು ಮರೆಯುವವರು ಹಲವರು. ಎರಡೂ ತುದಿಯ ಪೆಟ್ಟಿಗೆಗಳಿಗೂ ಯುಪಿಎಸ್ ಬೇಕು.

ಕಾಲುವೆ ಮುಚ್ಚುವ ಮುನ್ನ ಅದರ ಫೋಟೊಗಳನ್ನು ತೆಗೆದು, ಗೋಡೆಯ ಮೂಲೆಯಿಂದ ಎಷ್ಟು ಅಡಿ, ಎಷ್ಟು ಆಳ, ಎಲ್ಲಿ ತಿರುವು ಎಂಬುದನ್ನು ಒಂದು ಹಾಳೆಯಲ್ಲಿ ನಕ್ಷೆಯಾಗಿ ಬರೆಯಿರಿ. ಕನ್ವರ್ಟರ್ ‘ಎ’ ಯಾವ ಕಡೆ, ‘ಬಿ’ ಯಾವ ಕಡೆ, ಆಕ್ಸೆಸ್ ಪಾಯಿಂಟಿನ ವಿಳಾಸವೇನು ಎಂಬುದೂ ಅದರಲ್ಲಿರಲಿ. ಆ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ರೌಟರ್ ಇರುವ ಶೆಲ್ಫಿನ ಹಿಂಬದಿಗೆ ಅಂಟಿಸಿಡಿ.